ಅಕ್ಕನ ಬೆಳ್ಳಿ ಕರಡಿಗೆ

ನಮ್ಮಕ್ಕ ಮಲ್ಲಿಕಾಂಬಳನ್ನು ತೂಗುತ್ತಿದ್ದುದು ಕೊಬ್ಬರಿ ಚೀಲ ತೂಗುವ ಯಂತ್ರದ ಮೇಲೆ. ಭಾವ ತೀರ್ಥಪ್ಪನವರಿಗೆ ಕಡೂರಿನಲ್ಲಿ ಕೊಬ್ಬರಿ ಮಂಡಿ. ಮುಂದಿನ ಭಾಗ ಮಂಡಿ, ಹಿಂದಿನದು ಮನೆ. ಆಳುಗಳು ಊಟಕ್ಕೆ ಹೋದ ಹೊತ್ತು ನೋಡಿ ಭಾವ ಅಕ್ಕನನ್ನು ಕರೆದು ಆ ಕಬ್ಬಿಣದ ಹಲಗೆಯ ಮೇಲೆ ನಿಲ್ಲಿಸುವರು. ಎಂಬತ್ತೈದನೇ ಇಸವಿಯ ಸಂಕ್ರಾಂತಿಯಲ್ಲಿ ಆಕೆ ನೂರ ಹನ್ನೆರಡು ಕಿಲೋ ಇದ್ದಳು. ಶ್ರಾವಣ ಹುಟ್ಟುವ ಹೊತ್ತಿಗೆ ಎಪ್ಪತ್ತೊಂದು.

“ನಲವತ್ತೊಂದು ಕೇಜಿ ಕಣಮ್ಮ ಪ್ರೇಮಾ! ಒಂದು ಚೀಲ ಕೊಬ್ಬರಿ ಇಳಿಸ್ದಂಗಾಯ್ತು” ಎಂದು ಭಾವ ಹಿಗ್ಗಿದರು. ನಾನು ಆಗ ತಾನೇ ತರೀಕೆರೆಯಿಂದ ಬಂದು ಬಸ್ಸಿಳಿದಿದ್ದೆ. ಕೈಯಲ್ಲಿ ಬಟ್ಟೆಯ ಚೀಲ ಹಾಗೇ ಇತ್ತು. ಮದುವೆಯಾಗಿ ಇಪ್ಪತ್ಮೂರು ವರ್ಷವಾದರೂ ನಾನು ದಪ್ಪಗಿದ್ದೇನೋ ತೆಳ್ಳಗಿದ್ದೇನೋ ನಮ್ಮ ಯಜಮಾನರಿಗೆ ತಿಳಿದಿರಲಿಕ್ಕಿಲ್ಲ. ಇವಳಿಗೆ ನೋಡಿದರೆ, ತಿಂಗಳು ತಿಂಗಳಿನ ತೂಕವನ್ನು ಕ್ಯಾಲೆಂಡರಿನ ಮೇಲೆ ಬರೆದಿಡುವ ಗಂಡ! ಹೊಸಿಲು ದಾಟುವ ಮೊದಲೇ ನನ್ನೊಳಗಿನ ಹಳೆಯ ಮುಳ್ಳು ಚುಚ್ಚಿತು.

ಆಪರೇಷನ್ನಿನ ದಾರಿ ತೋರಿಸಿದ್ದು ಭಾವನವರಿಂದ ಕೊಬ್ಬರಿ ಕೊಳ್ಳುವ ಮುಂಬಯಿಯ ಸೇಠು. ಪರದೇಶದಲ್ಲಿ ಕಲಿತು ಬಂದ ಡಾಕ್ಟರೊಬ್ಬರು ಹೊಟ್ಟೆಯ ಮೇಲ್ಭಾಗಕ್ಕೆ ಅಡ್ಡ ಹೊಲಿಗೆ ಹಾಕಿ, ಒಂದು ಹಿಡಿ ಅನ್ನ ಹಿಡಿಸುವಷ್ಟೇ ಜಾಗ ಬಿಡುತ್ತಾರೆ, ಆಮೇಲೆ ಉಣ್ಣುತ್ತೇನೆಂದರೂ ಆಗುವುದಿಲ್ಲ, ಮೈ ತಾನಾಗಿ ಇಳಿಯುತ್ತದೆ ಎಂದರಂತೆ. ಅಕ್ಕನಿಗೆ ಸಕ್ಕರೆ ಕಾಯಿಲೆ, ಮೊಣಕಾಲಿನ ನೋವು, ನಾಲ್ಕು ಮೆಟ್ಟಿಲಿಗೆ ಏದುಸಿರು. ಹೋದರು, ಮಾಡಿಸಿದರು, ಬಂದರು. ಮೈಯೇನೋ ಇಳಿಯಿತು. ಆದರೆ ಯುಗಾದಿ ಕಳೆಯುವಷ್ಟರಲ್ಲಿ ಅಕ್ಕ ಮಾತು ಬಿಟ್ಟಳು. ಹಗಲೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗುವಳು. ಪಕ್ಕದ ಮನೆಯಲ್ಲಿ ಒಬ್ಬಟ್ಟು ಬೇಯುವ ವಾಸನೆ ಬಂದರೆ ಕಣ್ಣೀರು.

“ತೆಳ್ಳಗಾದೆ ಅಂತ ಅಳೋಳ್ನ ಇವಳೊಬ್ಬಳ್ನೇ ಕಂಡಿದ್ದು ಕಣೇ ನಾನು” ಎಂದರು ಅಕ್ಕನ ಅತ್ತೆ ಹಾಲಮ್ಮ.

ಆಷಾಢದಲ್ಲಿ ಶಿವಮೊಗ್ಗದ ಮನಸ್ಸಿನ ಡಾಕ್ಟರಿಗೆ ತೋರಿಸಿದರು. ಅವರು ಭಾವನಿಗೆ ಹೇಳಿದ್ದು ಇಷ್ಟು: “ಇಷ್ಟು ವರ್ಷ ಸುಖಕ್ಕೂ ದುಃಖಕ್ಕೂ ಊಟವೇ ಆಕೆಗೆ ಜೊತೆಗಾರ. ಆ ಜೊತೆಗಾರ ಹೋದ ಸಂಕಟ ಇದು. ದಿನಾ ಒಂದು ಕ್ಯಾಪ್ಸೂಲು ಕೊಡಿ. ಮೂರು ವಾರ ಏನೂ ಗೊತ್ತಾಗೋದಿಲ್ಲ, ಆಮೇಲೆ ಗುಣ ಕಾಣುತ್ತೆ. ನಡುವೆ ನಿಲ್ಲಿಸಬೇಡಿ.” ಕ್ಯಾಪ್ಸೂಲು ಕೊಡುವುದಕ್ಕೆ, ಜೊತೆಗಿರುವುದಕ್ಕೆ ಮನೆಯವರೇ ಒಬ್ಬರು ಬೇಕು ಎಂದು ಭಾವ ನನ್ನನ್ನು ಕರೆಸಿದ್ದರು.

ನಮ್ಮ ತವರು ಅಜ್ಜಂಪುರ. ಅಪ್ಪ ಶಿವಮೂರ್ತಪ್ಪನವರು ದೀಪ ಹಚ್ಚಿದ ಮೇಲೆ ಪಡಸಾಲೆಯಲ್ಲಿ ಕೂತು ಶರಣರ ಕಥೆಯ ಷಟ್ಪದಿಗಳನ್ನು ರಾಗವಾಗಿ ಓದುತ್ತಿದ್ದರು. ಓಣಿಯವರೆಲ್ಲ ಬಂದು ಕೇಳುತ್ತಿದ್ದರು. ಅಪ್ಪ ಕಲಿಸಿದ್ದು ಅಕ್ಕನಿಗೆ. ಅವಳಿಗೆ ದೊಡ್ಡ ಮೈ, ಅದಕ್ಕೆ ತಕ್ಕ ತುಂಬು ಕಂಠ; ಓದಿದರೆ ಬೀದಿಯ ಆ ತುದಿಗೆ ಕೇಳುವುದು. ನನಗೆ ಬತ್ತಿ ಮೇಲೆತ್ತುವ ಕೆಲಸ. ಕಂಬದ ಹಿಂದೆ ಕೂತು, ಎಣ್ಣೆ ಕಡಿಮೆಯಾದಾಗ ಹೊಯ್ದು, ಕೇಳಿ ಕೇಳಿಯೇ ಪದ್ಯಗಳೆಲ್ಲ ನನಗೆ ಬಾಯಿಗೆ ಬಂದವು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅಕ್ಕ ಹನ್ನೊಂದನೇ ವಯಸ್ಸಿಗೆ ಮಠದ ಜಗುಲಿಯಲ್ಲಿ ಕೂತು ನೂರು ಪದ್ಯ ಓದಿದಾಗ ಅಪ್ಪ ಅವಳಿಗೆ ಬೆಳ್ಳಿಯ ಕರಡಿಗೆ ಮಾಡಿಸಿದರು. ನಾವು ಕೊರಳಲ್ಲಿ ಕಟ್ಟಿಕೊಳ್ಳುವ ಇಷ್ಟಲಿಂಗವನ್ನು ಇಡುವ ಭರಣಿ ಅದು, ಮೊಟ್ಟೆಯಾಕಾರದ್ದು, ಮುಚ್ಚಳದ ಮೇಲೆ ಸಣ್ಣ ಎಳೆಗಳ ಕೆತ್ತನೆ. ನನ್ನ ಲಿಂಗ ಬಿಳಿಯ ವಸ್ತ್ರದಲ್ಲೇ ಉಳಿಯಿತು. “ನಿಂಗೂ ಮಾಡ್ಸೋಣ ಬಿಡೇ” ಎಂದಿದ್ದರು ಅಪ್ಪ. ಮರೆತರು. ಆಮೇಲೆ ತೀರಿಕೊಂಡರು.

ಕಡೂರಿನ ಮನೆಯಲ್ಲಿ ಮೊದಲ ದಿನದ ಊಟವೇ ನನಗೆ ಕಷ್ಟವಾಯಿತು. ಲಿಂಗಪೂಜೆಯಾಗದೆ ನಮ್ಮಲ್ಲಿ ಬಾಯಿಗೆ ನೀರು ಕೂಡ ಇಲ್ಲ. ಪೂಜೆಯಾದ ಮೇಲೆ ತಟ್ಟೆಗೆ ಬಂದದ್ದೆಲ್ಲ ಪ್ರಸಾದ, ಒಂದಗುಳೂ ಬಿಡುವಂತಿಲ್ಲ. ಉಂಡು, ತಟ್ಟೆಗೆ ನೀರು ಹೊಯ್ದು, ಬೆರಳಲ್ಲಿ ತೊಳೆದು, ಆ ನೀರನ್ನೂ ಕುಡಿದೇ ಏಳಬೇಕು. ಅಕ್ಕನ ತಟ್ಟೆಯಲ್ಲಿ ಇದ್ದದ್ದು ಮೂರು ಚಮಚ ಮೆತ್ತನ್ನ. ಅದನ್ನೇ ಅರ್ಧ ಗಂಟೆ ಅಗಿದಳು. ನಾಲ್ಕನೇ ಚಮಚ ಬಿದ್ದರೆ ವಾಂತಿ. ನಾನು ಮುದ್ದೆ ಮುರಿದು ಹುಳಿಯಲ್ಲಿ ಹೊರಳಿಸಿ ನುಂಗುತ್ತಿದ್ದೆ. ಅಕ್ಕ ನನ್ನ ಕೈಯನ್ನೇ ನೋಡುತ್ತಿದ್ದಳು. ಎದುರಿಗೆ ಭಾವ ತಮ್ಮ ಊಟ ಬಿಟ್ಟು, “ಇನ್ನೊಂದೇ ಚಮಚ ಮಲ್ಲೂ, ಮೆಲ್ಲಗೆ, ಆತುರ ಬ್ಯಾಡ” ಎನ್ನುತ್ತಿದ್ದರು. ನನ್ನ ಮುದ್ದೆ ಮುಗಿದದ್ದನ್ನು ಯಾರೂ ನೋಡಲಿಲ್ಲ. ಇನ್ನೊಂದು ಹಾಕಲೇ ಎಂದು ಯಾರೂ ಕೇಳಲಿಲ್ಲ. ಉಂಡರೂ ಸುದ್ದಿಯಿಲ್ಲ, ಬಿಟ್ಟರೂ ಸುದ್ದಿಯಿಲ್ಲ, ಅಂಥ ಜನ್ಮ ನನ್ನದು ಎಂದುಕೊಂಡು ತಟ್ಟೆ ತೊಳೆದು ಕುಡಿದೆ.

ಆ ಮನೆಯಲ್ಲಿ ಶ್ರಾವಣ ಪೂರ್ತಿ ಸಂಜೆ ಪುರಾಣ ಓದುವ ಪದ್ಧತಿ. ಇಪ್ಪತ್ತೈದು ವರ್ಷದಿಂದ ಅಕ್ಕನೇ ಓದುತ್ತಿದ್ದಳು. ಈ ಸಲ ಹಾಲಮ್ಮ ಪುಸ್ತಕದ ಗಂಟು ಹಿಡಿದುಕೊಂಡು ನನ್ನ ಹತ್ತಿರ ಬಂದರು. “ನಿಂಗೆ ಬತ್ತದೇನೇ ಪ್ರೇಮಾ? ಪದ್ಧತಿ ಬಿಡಬಾರದಲ್ಲ ತಾಯಿ, ನಾಕು ಪದ ಅಂದ್ಬಿಡು ಸಾಕು.”

ನಾನು ನಾಲ್ಕು ಪದ ಅನ್ನಲಿಲ್ಲ. ನಲವತ್ತು ಅಂದೆ, ಪುಸ್ತಕ ಬಿಚ್ಚದೆ. ಹಾಲಮ್ಮ ಬಾಯಿ ಬಿಟ್ಟುಕೊಂಡು ಕೂತರು. ಮರುದಿನ ಓಣಿಯ ನಾಲ್ವರು ಹೆಂಗಸರು ಬಂದರು, ಅದರ ಮರುದಿನ ಹನ್ನೆರಡು ಜನ. ಭಾವ ಕೂಡ ಮಂಡಿಯ ಬಾಗಿಲೆಳೆದು ಬಂದು ಕಂಬಕ್ಕೊರಗಿ ಕೂತರು. ನನ್ನ ದನಿ ಸಣ್ಣದು, ಆದರೆ ಮಾತು ಬಿಡಿಬಿಡಿಯಾಗಿ ತಿಳಿಯುತ್ತದೆ ಎಂದರು ಯಾರೋ. ಆ ಒಂದು ಮಾತನ್ನು ಎರಡು ದಿನ ನೆನೆನೆನೆದು ಉಂಡೆ. ಅಕ್ಕ ಒಳಕೋಣೆಯಲ್ಲಿ ಮಲಗಿರುತ್ತಿದ್ದಳು. ದಿನವೂ ಓದು ಮುಗಿದ ಮೇಲೆ ಡಬ್ಬಿಯಿಂದ ಒಂದು ಕ್ಯಾಪ್ಸೂಲು ತೆಗೆದು, ಅರ್ಧ ಕೆಂಪು ಅರ್ಧ ಹಳದಿಯದು, ಅವಳ ಕೈಗೆ ಹಾಕುತ್ತಿದ್ದೆ. ಶಿವ ನನ್ನನ್ನು ಕ್ಷಮಿಸಲಿ, ಅವಳು ಬೇಗ ಏಳಲಿ ಎಂದು ಕೊಡುತ್ತಿರಲಿಲ್ಲ. ಕೊಡು ಎಂದಿದ್ದರು, ಕೊಡುತ್ತಿದ್ದೆ.

ನಾಲ್ಕನೇ ವಾರದ ಸೋಮವಾರ. ಒಬ್ಬ ಶರಣೆ ತನ್ನ ಸರ್ವಸ್ವವನ್ನೂ ಕೊಟ್ಟು ಮನೆಯಿಂದ ಹೊರಡುವ ಪ್ರಸಂಗ ಓದುತ್ತಿದ್ದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆಗ ಒಳಕೋಣೆಯಿಂದ ಒಂದು ದನಿ ಬಂತು. ನನ್ನ ಪದ್ಯದ ಮೂರನೇ ಸಾಲಿಗೆ ಸೇರಿಕೊಂಡು, ಗುನುಗಿನಂತೆ, ಒಡಕು ಒಡಕಾಗಿ. ಅಕ್ಕ!

ಭಾವ ಎದ್ದು ಓಡಿದರು. ಹಾಲಮ್ಮ “ನನ್ನವ್ವಾ, ಬಾಯಿಬಿಟ್ಯಾ!” ಎಂದು ಮೊಣಕಾಲು ನೋವನ್ನೂ ಮರೆತು ಎದ್ದರು. ಅವರ ಹಿಂದೆ ಹನ್ನೆರಡು ಜನವೂ. ನಾನು ಮೂರನೇ ಸಾಲಿನಲ್ಲೇ ನಿಂತೆ. ನನ್ನೆದುರು ಖಾಲಿ ಚಾಪೆ, ಉರಿಯುವ ದೀಪ. ಬತ್ತಿ ಕರಿಕಟ್ಟಿತ್ತು. ಕೈ ತಾನಾಗಿ ಹೋಗಿ ಅದನ್ನು ಮೇಲೆತ್ತಿತು. ಅದು ಮತ್ತೆ ನನ್ನ ಕೆಲಸವಾಗಿತ್ತು.

ಒಳಗಿನಿಂದ ಯಾರೋ ಅಂದದ್ದು ಕೇಳಿಸಿತು: “ಏನೇ ಆಗ್ಲಿ, ಮಲ್ಲಿಕಾಂಬಮ್ಮನ ಗಂಟಲೇ ಗಂಟಲು ಬಿಡ್ರಿ.”

ಮರುದಿನ ಕ್ಯಾಪ್ಸೂಲು ತರಲು ಔಷಧಿ ಅಂಗಡಿಗೆ ಹೋದೆ. ಅಂಗಡಿಯ ರೇವಣಪ್ಪ ಬಾಯಿ ಸುಮ್ಮನಿಡುವವನಲ್ಲ. ಪಟ್ಟಿಗಳನ್ನು ಎಣಿಸುತ್ತ, “ಈ ಚಿಪ್ಪೈತಲ್ರಮ್ಮ, ಇದು ಹೊಟ್ಟೆವಳಗೆ ಹೋಗಿ ಕರಗೋಯ್ತದೆ. ಏನ್ರಿಂದ ಮಾಡ್ತಾರೆ ಹೇಳಿ ನೋಡೋಣ? ದನದ ಮೂಳೆ ಕುದಿಸಿ ತೆಗೆದ ಅಂಟಿಂದಂತೆ! ಔಷಧಿಗೇನು ಮಡಿ ಮೈಲಿಗೆ, ಅಲ್ವಾ?” ಎಂದು ನಕ್ಕ.

ನಾನು ನಗಲಿಲ್ಲ. ಆ ಮಾತನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡವಳಂತೆ ಮನೆಗೆ ಬಂದೆ. ದಾರಿಯುದ್ದಕ್ಕೂ ಒಂದೇ ವಾದ: ಲಿಂಗ ಕಟ್ಟಿದವರು ಮೂಳೆ ನುಂಗಬಹುದೇ? ಗೊತ್ತಿದ್ದೂ ಹೇಳದಿದ್ದರೆ ನನಗೆ ಪಾಪವಲ್ಲವೇ? ಎಷ್ಟು ಚೆನ್ನಾಗಿತ್ತು ಆ ವಾದ! ಭಕ್ತಿಯ ಬಟ್ಟೆ ಉಟ್ಟು ಬಂದಿತ್ತು. ಒಳಗಿದ್ದವಳು ಯಾರೆಂದು ನನಗೆ ಗೊತ್ತಿತ್ತು, ಶಿವನಿಗೂ ಗೊತ್ತಿತ್ತು.

ಅಂದು ಸಂಜೆ ಕ್ಯಾಪ್ಸೂಲು ಕೈಗೆ ಹಾಕುವಾಗ ಹೇಳಿದೆ. “ಅಕ್ಕಾ, ಹೇಳ್ಬಾರದು ಅನ್ಕೊಂಡಿದ್ದೆ. ಇದರ ಚಿಪ್ಪು ದನದ ಮೂಳೇದಂತೆ. ನೀನು ಪೂಜೆ ಮಾಡೋಳು. ತಗೊಳ್ಳೋದು ಬಿಡೋದು ನಿನ್ನಿಷ್ಟ.”

ಅಕ್ಕ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕ್ಯಾಪ್ಸೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬೆಳಿಗ್ಗೆ ಬಚ್ಚಲ ಒಲೆಯ ಬೂದಿಯಲ್ಲಿ ಒಂದು ಕೆಂಪು ಚೂರು ಕಂಡೆ. ಬೂದಿ ಕೆದಕಿ ಮುಚ್ಚಿದೆ.

ಅಲ್ಲಿಂದ ದಿನವೂ ಅದೇ ಆಟ. ನಾನು ಕೊಡುವುದು, ಅವಳು ಇಸಿದುಕೊಳ್ಳುವುದು, ಒಲೆ ತಿನ್ನುವುದು. ಭಾವ ಕೇಳಿದರೆ “ಕೊಟ್ಟೆ ಭಾವ” ಎನ್ನುತ್ತಿದ್ದೆ. ಸುಳ್ಳಲ್ಲವಲ್ಲ. ಗುನುಗು ನಿಂತಿತು. ಹೆಂಗಸರು ಮತ್ತೆ ನನ್ನ ಮುಂದೆ ಚಾಪೆಯ ಮೇಲೆ ಕೂತರು. ಶ್ರಾವಣ ಕಳೆದರೂ ಕಥೆ ಉಳಿದಿತ್ತು, ಓದು ಮುಂದುವರಿಯಿತು. ಆದರೆ ಓದುವಾಗ ಕಿವಿ ಒಳಕೋಣೆಯ ಕಡೆಗೇ. ಅಲ್ಲಿ ಸದ್ದಿರಲಿಲ್ಲ. ಸದ್ದಿಲ್ಲದಿರುವುದು ಮೊದಲು ಹಿತವಾಗಿತ್ತು. ಎರಡನೇ ವಾರಕ್ಕೆ ಪದ್ಯದ ನಡುವೆ ಸಾಲು ತಪ್ಪತೊಡಗಿದೆ.

ಅಕ್ಕ ಸ್ನಾನಕ್ಕೆ ಏಳದಾದಳು. ಸ್ನಾನವಿಲ್ಲದೆ ಪೂಜೆಯಿಲ್ಲ, ಪೂಜೆಯಿಲ್ಲದೆ ಊಟವಿಲ್ಲ. ಮೂರು ಚಮಚ ಒಂದಕ್ಕಿಳಿಯಿತು, ಆಮೇಲೆ ಅದೂ ಇಲ್ಲ. ಭಾವ ಯಂತ್ರದ ಮೇಲೆ ನಿಲ್ಲಿಸಲು ಕರೆದರೆ ಬರಲಿಲ್ಲ. “ಮಾತ್ರೆ ತಗೊಂತಾವ್ಳೆ, ಆದ್ರೂ ಹಿಂಗ್ಯಾಕೆ? ಡಾಕ್ಟ್ರು ಸುಳ್ಳು ಹೇಳಿದ್ನಾ?” ಎಂದು ಆ ದೊಡ್ಡ ಮನುಷ್ಯ ನನ್ನ ಮುಂದೆ ಕಣ್ಣಲ್ಲಿ ನೀರು ತಂದುಕೊಂಡರು. ಆಗಲೂ ನಿಜ ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಸತ್ತರೆ ಯಾರು ಹೀಗೆ ಅಳುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದೆ!

ಒಂದು ಬೆಳಿಗ್ಗೆ ಭಾವ ಅಜ್ಜಂಪುರಕ್ಕೆ ಕಾಯಿ ನೋಡಲು ಹೋಗಿದ್ದರು, ಹಾಲಮ್ಮ ಮಠಕ್ಕೆ. ನಾನು ಗಂಜಿ ತೆಗೆದುಕೊಂಡು ಒಳಗೆ ಹೋದೆ. ಅಕ್ಕ ಎದ್ದು ಕೂತಿದ್ದಳು. ಎಷ್ಟೋ ದಿನದ ಮೇಲೆ ಮುಖ ನನ್ನ ಕಡೆಗಿತ್ತು.

“ಪ್ರೇಮಾ, ಬಾ ಇಲ್ಲಿ. ಕೈ ನೀಡು.”

ನೀಡಿದೆ. ಬೆಳ್ಳಿಯ ಕರಡಿಗೆಯನ್ನು ನನ್ನ ಅಂಗೈಯಲ್ಲಿಟ್ಟಳು.

“ಯಾಕಕ್ಕ? ಬೆಳಗಿ ಕೊಡ್ಲಾ?”

“ಬ್ಯಾಡ, ಇಟ್ಕೋ. ಚಿಕ್ಕೋಳಿಂದ ನಿನ್ನ ಕಣ್ಣು ಇದರ ಮೇಲೇ ಇತ್ತಲ್ಲೇ. ನಂಗಿನ್ನು ಬೇಕಾಗಲ್ಲ.”

ಮೊದಲು ನನಗಾದದ್ದು ಭಯವಲ್ಲ, ಸಂತೋಷ. ಇದನ್ನು ಮುಚ್ಚಿಟ್ಟು ಏನು ಪ್ರಯೋಜನ? ಮೂವತ್ತೈದು ವರ್ಷ ನೋಡಿದ ಬೆಳ್ಳಿ, ಎಷ್ಟು ಭಾರ, ಎಷ್ಟು ನುಣುಪು, ಅವಳ ಎದೆಯ ಬಿಸಿ ಇನ್ನೂ ಆರಿರಲಿಲ್ಲ. ಬೆರಳು ಮುಚ್ಚಳದ ಎಳೆಗಳ ಮೇಲೆ ಹೋಯಿತು. ಆಮೇಲೆ ಕಣ್ಣೆತ್ತಿದೆ. ಅವಳ ಕೊರಳು ಬರಿದಾಗಿತ್ತು; ಲಿಂಗ ಕರಡಿಗೆಯೊಳಗೆ ನನ್ನ ಕೈಯಲ್ಲಿತ್ತು. ಕರಡಿಗೆ ಕಟ್ಟಿದ ಶಿವದಾರ ಇದ್ದ ಜಾಗದಲ್ಲಿ ಬಿಳಿಯ ಗೆರೆ ಮಾತ್ರ ಉಳಿದಿತ್ತು.

ನಮ್ಮಲ್ಲಿ ಲಿಂಗ ಹುಟ್ಟಿದಾಗ ಮೈಮೇಲೆ ಬಂದರೆ ಮಣ್ಣಿಗೆ ಮೈಯ ಜೊತೆಗೇ ಹೋಗಬೇಕು. ಜೀವ ಇರುವವರು ತೆಗೆಯುವುದಿಲ್ಲ. ತೆಗೆದು ಇನ್ನೊಬ್ಬರ ಕೈಗಿಟ್ಟರೆ ಅದರ ಅರ್ಥ ಮಕ್ಕಳಿಗೂ ಗೊತ್ತು. ಹಿತ್ತಲಲ್ಲಿ ಬಾವಿ ಇತ್ತು.

ಇನ್ನೊಂದು ಕೈಯಲ್ಲಿದ್ದ ಗಂಜಿ ಚೆಲ್ಲಿತು. “ಅಕ್ಕಾ!” ಎಂದವಳು ಕರಡಿಗೆಯನ್ನು ಮತ್ತೆ ಅವಳ ಕೊರಳಿಗೆ ಹಾಕಹೋದೆ. ಅವಳು ಕೈ ತಳ್ಳಿದಳು. “ಇದರ ತೂಕ ತಡಿಯೋಕಾಗಲ್ಲ ಕಣೇ ನಂಗೆ.”

ಏನು ಹೇಳಲಿ? ಮಾತ್ರೆ ತಗೋ ಎಂದರೆ ಮೂಳೆ ಎಂದವಳು ನಾನೇ. ಸುಳ್ಳು ಎನ್ನಲೂ ಬರುವಂತಿರಲಿಲ್ಲ, ಚಿಪ್ಪು ಮೂಳೆಯದೇ. ಓಡಿ ಹೋಗಿ ಡಬ್ಬಿ ತಂದೆ. ಅವಳ ಹಾಸಿಗೆಯ ಪಕ್ಕ ನೆಲದ ಮೇಲೇ ಕೂತು, ವಸ್ತ್ರ ಬಿಚ್ಚಿ, ನನ್ನ ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡೆ. ಬೆಳಗಿನ ಪೂಜೆಯ ವಿಭೂತಿ ಇನ್ನೂ ಹಣೆಯಲ್ಲಿತ್ತು. ಹೂವಿಲ್ಲ, ಪತ್ರೆಯಿಲ್ಲ. ಬಲಗೈಯಿಂದ ಆ ಕೆಂಪು ಹಳದಿಯ ಕ್ಯಾಪ್ಸೂಲನ್ನು ತೆಗೆದು ಲಿಂಗದ ಮುಂದೆ ಹಿಡಿದೆ. ನಾನು ಹುಟ್ಟಿ ಬೆಳೆದ ಮನೆಯಲ್ಲಿ ಯಾರೂ ಮಾಡದ ಕೆಲಸ ಅದು. ಅಪ್ಪ ಇದ್ದಿದ್ದರೆ ಏನೆನ್ನುತ್ತಿದ್ದರೋ. ಅರ್ಪಿಸುವಾಗ ಹೇಳುವ ಮಾತನ್ನು ಬಾಯಿಬಿಟ್ಟು ಹೇಳಿದೆ. ಲಿಂಗಕ್ಕೆ ಮುಟ್ಟಿಸಿದೆ.

“ಈಗ ಇದು ಪ್ರಸಾದ. ಬಿಡೋ ಹಾಗಿಲ್ಲ ನೀನು. ಪಾಪ ಬಂದ್ರೆ ನಂಗೆ ಬರ್ಲಿ, ನನ್ನ ಲಿಂಗಕ್ಕೆ ಮುಟ್ಟಿಸಿರೋದು.”

ಅಕ್ಕ ಕೈ ಚಾಚಲಿಲ್ಲ.

“ಅವತ್ತು ನಾನು ಹೇಳಿದ್ದು ಭಕ್ತಿಯಿಂದಲ್ಲ ಅಕ್ಕ. ನೀನು ಗುನುಗಿದೆ, ಎಲ್ರೂ ಎದ್ದು ನಿನ್ನ ಹತ್ರ ಬಂದ್ರು. ನನ್ನ ಮುಂದೆ ಒಬ್ರೂ ಉಳೀಲಿಲ್ಲ. ತಡಿಯೋಕಾಗ್ಲಿಲ್ಲ. ನಿನ್ನ ಕಂಡ್ರೆ ನಂಗೆ ಯಾವಾಗ್ಲೂ ತಡಿಯೋಕಾಗಲ್ಲ.”

“ಗೊತ್ತು ಕಣೇ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಮೂಳೆ ಅಂತ ಬಿಟ್ಟಿದ್ದೇನಲ್ಲ ನಾನು. ಎಲ್ಲಾನೂ ಬಿಡೋಕೆ ಒಂದು ನೆಪ ಬೇಕಾಗಿತ್ತು. ನೀನು ತಂದ್ಕೊಟ್ಟೆ. ನಂಗೇನು ನಿನ್ನ ಕಂಡ್ರೆ ಹೊಟ್ಟೆಯುರಿ ಇಲ್ಲ ಅನ್ಕೊಂಡ್ಯಾ? ನೀನು ಮುದ್ದೆ ಮುರಿಯೋದು ನೋಡಿ ನೋಡಿ, ನಿನ್ನ ತಟ್ಟೆ ಕಿತ್ತು ಬೀದಿಗೆ ಎಸೀಬೇಕು ಅನ್ನಿಸ್ತಿತ್ತು. ಕಡ್ಡಿ ಹಂಗಿದ್ದೀಯ, ಎರಡೆರಡು ಮುದ್ದೆ ನುಂಗ್ತೀಯ, ಒಂದು ತೇಗೂ ಇಲ್ಲ! ಯಾವ ಪುಣ್ಯಕ್ಕೆ ಕೊಟ್ಟ ಶಿವ ನಿಂಗೆ ಆ ಹೊಟ್ಟೆ?”

ನನಗೆ ನಗು ಬಂತು, ಅಳುವೂ. “ತಗೋ ಅಕ್ಕ” ಎಂದೆ. ನನ್ನ ಕೈ ಚಾಚಿದ ಹಾಗೇ ಇತ್ತು. ಬೆವರಿಗೆ ಚಿಪ್ಪು ಬೆರಳಿಗೆ ಅಂಟಿಕೊಳ್ಳತೊಡಗಿತ್ತು.

“ನೀರು ಕೊಡು” ಎಂದಳು.

ನುಂಗಿದ್ದನ್ನು ಬಾಯಿ ತೆರೆಸಿ ನೋಡಿದೆ. ಆಮೇಲೆ ಕರಡಿಗೆಯನ್ನು ಅವಳ ಕೊರಳಿಗೆ ಹಾಕಿದೆ. ನಾನೇ ಹಾಕಿದೆ. ಬಿಡುವಾಗ ಬೆರಳಿಗೆ ಕಷ್ಟವಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಅವಳನ್ನು ಒಬ್ಬಳನ್ನೇ ಬಿಟ್ಟು ಬಚ್ಚಲಿಗೂ ಹೋಗದೆ ಬಾಗಿಲಲ್ಲೇ ಕೂತೆ. ಭಾವ ಬಂದೊಡನೆ ಎಲ್ಲವನ್ನೂ ಹೇಳಿದೆ, ಬೂದಿ ಕೆದಕಿದ್ದನ್ನೂ. ಅವರು ಕೈಯೆತ್ತಲಿಲ್ಲ, ಬೈಯಲಿಲ್ಲ. “ನೀನಾ ಪ್ರೇಮಾ?” ಎಂದರು ಅಷ್ಟೇ. ಅದಾದ ಮೇಲೆ ಬಹಳ ದಿನ ನನ್ನ ಜೊತೆ ಮಾತಾಡಲಿಲ್ಲ. ಹಾಲಮ್ಮ ಮಾತ್ರ ಮನಸ್ಸಿಗೆ ಬಂದದ್ದೆಲ್ಲ ಅಂದರು, ಅನ್ನಿಸಿಕೊಂಡೆ. ಮರುದಿನ ಭಾವ, ಅಕ್ಕ, ನಾನು ಮೂವರೂ ಶಿವಮೊಗ್ಗಕ್ಕೆ ಹೋದೆವು. ಡಾಕ್ಟರು, “ಮತ್ತೆ ಮೊದಲಿಂದ ಶುರು. ಮೂರು ವಾರ. ಒಂದು ಗಳಿಗೆ ಒಬ್ಬರನ್ನೇ ಬಿಡಬೇಡಿ” ಎಂದರು. ಚಿಪ್ಪಿನ ವಿಷಯ ಕೇಳಿ, “ಮೊದಲೇ ಹೇಳಬಾರದಾ ತಾಯಿ, ಇದೇ ಔಷಧಿ ಗುಳಿಗೆಯಾಗಿಯೂ ಬರುತ್ತೆ” ಎಂದು ಬರೆದುಕೊಟ್ಟರು. ಆ ಒಂದು ಮಾತು ಕೇಳುವುದಕ್ಕೆ ನಮ್ಮಿಬ್ಬರಿಗೂ ಬಾಯಿ ಬಂದಿರಲಿಲ್ಲ. ಗುಳಿಗೆ ಬಂದ ಮೇಲೂ ನಾನು ದಿನವೂ ಅದನ್ನು ಲಿಂಗಕ್ಕೆ ಮುಟ್ಟಿಸಿಯೇ ಕೊಟ್ಟೆ. ಹಾಗೆ ಕೊಟ್ಟರೆ ಅಕ್ಕ ಸೊಂಟಕ್ಕೆ ಸಿಕ್ಕಿಸುತ್ತಿರಲಿಲ್ಲ.

ದಸರೆ ಕಳೆದ ಮೇಲೆ ಅಕ್ಕ ಚಾಪೆಗೆ ಬಂದು ಕೂತಳು. ಹಳೆಯ ಕಂಠ ಬರಲಿಲ್ಲ. ಉಸಿರು ಸಾಲದೆ ಸಾಲಿನ ನಡುವೆ ನಿಲ್ಲುವಳು. ಆದರೂ ಹೆಂಗಸರು, “ಎಂಥ ದನಿ, ಎಂಥ ದನಿ” ಎನ್ನುವರು. ನನ್ನ ಮುಳ್ಳು ಅಲ್ಲೇ ಇದೆಯೆಂದು ಆಗ ತಿಳಿಯಿತು. ಅವಳು ಒಂದು ಕಡೆ ಎರಡು ಅಕ್ಷರ ಬಿಟ್ಟು ಓದಿದಳು. ಬತ್ತಿ ಎತ್ತುತ್ತಿದ್ದ ನಾನು ಆ ಎರಡಕ್ಷರವನ್ನು ಮನಸ್ಸಿನಲ್ಲೇ ಗಟ್ಟಿಯಾಗಿ ಹೇಳಿಕೊಂಡೆ.

ತರೀಕೆರೆಗೆ ಹೊರಡುವ ದಿನ ನನ್ನ ತಟ್ಟೆಯನ್ನು ಅಡುಗೆಮನೆಯ ಒಳಗೇ ಇಟ್ಟುಕೊಂಡೆ, ಅಕ್ಕನ ಕಣ್ಣಿಗೆ ಬೀಳದಿರಲಿ ಎಂದು. ಅವಳು ಹುಡುಕಿಕೊಂಡು ಬಂದಳು.

“ಇಲ್ಯಾಕೆ ಕೂತೆ? ನನ್ನ ಮುಂದೆ ಬಂದು ಉಣ್ಣು.”

“ನಿಂಗೆ ಸಂಕಟ ಆಗುತ್ತೆ ಅಕ್ಕ.”

“ಆಗ್ಲಿ. ನಾನು ನೋಡ್ತೀನಿ. ಎರಡು ಮುದ್ದೆ ಹಾಕ್ಕೊ.”

ಅವಳೆದುರು ಕೂತೆ. ಅವಳ ತಟ್ಟೆಯಲ್ಲಿ ಮೂರು ಚಮಚ, ನನ್ನದರಲ್ಲಿ ಎರಡು ಮುದ್ದೆ, ಸುತ್ತ ಹುಳಿ, ಮೇಲೆ ಬೆಣ್ಣೆ. ಮುರಿದೆ, ಹೊರಳಿಸಿದೆ, ಬಾಯಿಗಿಟ್ಟೆ. ಅಕ್ಕನ ಕಣ್ಣು ನನ್ನ ಕೈಯ ಜೊತೆಗೇ ಮೇಲೆ ಹೋಯಿತು, ಕೆಳಗೆ ಬಂತು. ಆ ನೋಟವನ್ನು ನಾನು ಗುರುತು ಹಿಡಿದೆ. ಕಂಬದ ಹಿಂದೆ ಕೂತು ನಾನು ಆ ಕರಡಿಗೆಯನ್ನು ನೋಡುತ್ತಿದ್ದುದು ಹೀಗೆಯೇ. ಜನ್ಮದಲ್ಲಿ ಮೊದಲ ಸಲ ಯಾರೋ ನನ್ನನ್ನು ಕಂಡು ಕರುಬುತ್ತಿದ್ದರು. ಎರಡನೆಯ ಮುದ್ದೆಯನ್ನು ಆತುರಪಡದೆ ಉಂಡೆ.

ಮುಗಿದ ಮೇಲೆ ಇಬ್ಬರೂ ತಟ್ಟೆಗೆ ನೀರು ಹಾಕಿಕೊಂಡೆವು. ನಾನು ತೊಳೆದು ಒಂದೇ ಗುಟುಕಿಗೆ ಕುಡಿದೆ. ಅವಳಿಗೆ ಅಷ್ಟು ನೀರನ್ನು ಕುಡಿಯಲು ಬಹಳ ಹೊತ್ತು ಬೇಕಾಯಿತು. ಬಸ್ಸು ತಪ್ಪಿದರೆ ತಪ್ಪಲಿ ಎಂದು, ಅವಳು ಕುಡಿದು ಮುಗಿಸುವವರೆಗೆ ಎದುರಿಗೇ ಕೂತಿದ್ದೆ.